ರಕ್ತಬೀಜನನ್ನು ಹದಕ್ಕೆ ತಂದ ನನ್ನ ಅನುಭವ

ಒಂದೂವರೆ ವರ್ಷ ಹಿಡಿಯಿತು. ನಾನೇ ಮಾಡಿದ ಬೋರ್ಡ್ ಗೇಮಿನ ಕೊನೆಯ ಬಾಸ್ ಫೈಟ್, ಅಂದರೆ ಕೊನೆಯ ದೊಡ್ಡ ಶತ್ರುವಿನ ಜೊತೆಗಿನ ಕಾಳಗ, ಈ ದಸರಾ ರಜೆಯಲ್ಲಿ ಕೊನೆಗೂ ಕುದುರಿತು. "ಆ ಅಸುರನನ್ನ ತೆಗೆದು ಬೇರೆ ಯಾರನ್ನಾದ್ರೂ ಹಾಕು" ಅಂತಿದ್ದವರೇ ಈಗ ಇನ್ನೊಂದಾಟ ಆಡೋಣ ಅಂತಾರೆ.

ನಾಲ್ಕು ಜನರ ಆಟ, ಎಲ್ಲರೂ ಒಂದೇ ಕಡೆ. ಬಾಸ್ ರಕ್ತಬೀಜ. ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಇನ್ನೊಬ್ಬ ಏಳುತ್ತಾನೆ, ಕಥೆ ಗೊತ್ತೇ ಇದೆ ಅಲ್ವಾ. ಡೈಸ್ ಬದಲು ಚೌಕಾಬಾರದ ನಾಲ್ಕು ಕವಡೆ. ಎಷ್ಟು ಬಿತ್ತೋ ಅವನ ಬಲ ಅಷ್ಟು ಇಳಿಯುತ್ತದೆ. ಆದರೆ ಹೊಡೆದ ಪ್ರತಿಯೊಬ್ಬರಿಗೂ ಒಂದೊಂದು ಮಂಜೊಟ್ಟಿ ಕಾಯಿ (ಚೆನ್ನೆಮಣೆ ಆಟದ ಕೆಂಪು ಬೀಜ) ಬೋರ್ಡಿನ ಮೇಲೆ ಬೀಳುತ್ತದೆ. ಸುತ್ತು ಮುಗಿದಾಗ ಅದು ಮರಿ ಅಸುರ. ಮರಿಗೆ ಹೊಡೆಯುವಂತಿಲ್ಲ, ಒಂದೊಂದು ಮರಿಯೂ ಸುತ್ತಿಗೆ ಒಂದು ಪ್ರಾಣ ತಿನ್ನುತ್ತದೆ. ನಮಗೆ ತಲೆಗೆ 10 ಪ್ರಾಣ, ಒಟ್ಟು 40.

ಮೊದಲು ಅವನಿಗೆ 60 ಬಲ ಇಟ್ಟೆ. ಮರಿಗಳು ಸುತ್ತು ಸುತ್ತಿಗೂ ತಿನ್ನೋದು 4, 8, 12, 16, ಕೂಡಿಸಿ ನೋಡಿ, ನಾಲ್ಕನೇ ಸುತ್ತಿಗೆ ಎಲ್ಲರೂ ಖಲಾಸ್. ಭಾವ "ಬಲ ಕಡಿಮೆ ಮಾಡಯ್ಯಾ, ಅಷ್ಟೇ ತಾನೇ" ಅಂದರು. 40ಕ್ಕೆ ಇಳಿಸಿದೆ, ಸುಮ್ನೆ ನಾಣ್ಯ ಚಿಮ್ಮಿದ ಹಾಗಾಯ್ತು. 30ಕ್ಕೆ ಇಳಿಸಿದರೆ ಮೂರನೇ ಸುತ್ತಿಗೇ ಬಿದ್ದ, ಯಾರಿಗೂ ಭಯವೇ ಇಲ್ಲ. ಮರಿಗಳು ಏರುವ ಆಟದಲ್ಲಿ ಬಲವನ್ನು ಸ್ವಲ್ಪ ಅಲ್ಲಾಡಿಸಿದರೂ ಆಟ ಒಂದೇ ಸಲ ಆ ಕಡೆಯಿಂದ ಈ ಕಡೆಗೆ ವಾಲುತ್ತದೆ. ಇದು ತಲೆಗೆ ಹೋಗುವಷ್ಟರಲ್ಲಿ ಬಾಸ್ ಕಾರ್ಡನ್ನು ಮೂರು ಸಲ ಪ್ರಿಂಟ್ ಮಾಡಿಸಿದ್ದೆ. ಸನ್‌ಬೋರ್ಡ್, ಕಾರ್ಡು, ಲ್ಯಾಮಿನೇಶನ್ ಎಲ್ಲ ಸೇರಿ ನಾಲ್ಕೂವರೆ ಸಾವಿರದ ಹತ್ತಿರ ಹೋಯ್ತು. ಆಟ ಕೂರುವ ತನಕ ಅಂಕಿಗಳನ್ನು ಪೆನ್ಸಿಲ್‌ನಲ್ಲೇ ಬರೆಯಿರಿ.

ನಡುವೆ ಕವಡೆಯ ಮೇಲೂ ಅನುಮಾನ ಬಂತು. ಲೆಕ್ಕದಲ್ಲಿ ಬಾರ, ಅಂದರೆ ನಾಲ್ಕೂ ಬೋರಲಾಗಿ 8, ಬೀಳಬೇಕಾದ್ದು 16ಕ್ಕೆ ಒಂದು ಸಲ. ಒಂದು ಭಾನುವಾರ ಕೂತು 200 ಸಲ ಹಾಕಿದೆ, 25ರ ಆಸುಪಾಸು ಬಿತ್ತು. ನಮ್ಮನೆ ಕವಡೆ ಬೋರಲು ಬೀಳೋದೇ ಜಾಸ್ತಿ. ಹುಣಸೆ ಬೀಜವನ್ನು ಒಂದು ಕಡೆ ಕಲ್ಲಿಗೆ ತೇಯ್ದು ಬಿಳಿ ಮಾಡಿಯೂ ನೋಡಿದೆ, ಒಂದೊಂದು ಬೀಜ ಒಂದೊಂದು ಥರ. ವಾಪಸ್ ಕವಡೆಗೇ ಬಂದೆ. ಕವಡೆಯ ಆ ಸದ್ದು ಬೇರೆ ಯಾವುದಕ್ಕೂ ಬರಲ್ಲ.

ದಾರಿ ಕಥೆಯಲ್ಲೇ ಇತ್ತು. ರಕ್ತಬೀಜ ಸತ್ತಿದ್ದು ಪೆಟ್ಟು ಜಾಸ್ತಿಯಾಗಿ ಅಲ್ಲ, ಕಾಳಿ ನಾಲಿಗೆ ಚಾಚಿ ರಕ್ತ ನೆಲಕ್ಕೆ ಬೀಳದ ಹಾಗೆ ಕುಡಿದಿದ್ದಕ್ಕೆ. ಹಾಗಾಗಿ ಪ್ರತಿ ಸುತ್ತಿಗೆ ಒಬ್ಬರು ಹೊಡೆಯುವುದನ್ನು ಬಿಟ್ಟು ನಾಲಿಗೆ ಆಗಬೇಕು ಅಂತ ಮಾಡಿದೆ. ಮೊದಲು ನಾಲಿಗೆಯೂ ಕವಡೆ ಹಾಕಿ ಬಿದ್ದಷ್ಟು ಕಾಯಿ ಎತ್ತುತ್ತಿತ್ತು, ಆಟ ಸಪ್ಪೆಯಾಯ್ತು. ಆಮೇಲೆ ಸುತ್ತಿಗೆ ಎರಡೇ ಕಾಯಿ ಅಂತ ಕಟ್ಟಿಹಾಕಿದೆ. ಮೂರು ಜನ ಹೊಡೆದರೆ ಮೂರು ಕಾಯಿ ಬೀಳುತ್ತವೆ, ಎರಡು ನಾಲಿಗೆಗೆ, ಒಂದು ನೆಲಕ್ಕೆ. ಬಲ ಮತ್ತೆ 60. ಸುಮಾರು ಎಂಟು ಸುತ್ತು ನಡೆಯುತ್ತದೆ, ಅಷ್ಟರಲ್ಲಿ ಮರಿಗಳು ತಿನ್ನೋದು 36ರ ಹತ್ತಿರ. ಗೆದ್ದರೂ ಎಲ್ಲರದ್ದೂ ಸೇರಿ ನಾಲ್ಕೈದು ಪ್ರಾಣ ಉಳಿದರೆ ಪುಣ್ಯ!

ನೆನಪಿದ್ದ ಹಾಗೆ ಮೂವತ್ತು ಆಟ ಆಡಿಸಿದ್ದೇನೆ, ಹದಿನಾಲ್ಕೋ ಹದಿನೈದೋ ಗೆಲುವು. ಇಷ್ಟು ಬಿಗಿಯಾದ ಬಾಸನ್ನು ದುಡ್ಡು ಕೊಟ್ಟು ತಂದ ಆಟದಲ್ಲೂ ನಾನು ಕಂಡಿಲ್ಲ. ಇಬ್ಬರೇ ಆಡುವಾಗಿನ ಲೆಕ್ಕ ಬೇರೆ, ನಾಲಿಗೆಯ ಸರದಿಯಲ್ಲೂ ಒಂದು ಕಟ್ಟುಪಾಡು ಇದೆ. ಅವೆರಡನ್ನೂ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮೊನ್ನೆ ಅಕ್ಕನ ಮಗಳು ನಾಲಿಗೆಯಾಗಿದ್ದಳು. ಅಂಗೈಯಲ್ಲಿ ಎರಡು ಮಂಜೊಟ್ಟಿ, ಬೋರ್ಡಿನ ಮೇಲೆ ಮೂರನೆಯದು, ಅಸುರನ ಬಲ 2. "ಮಾಮ, ಇದೊಂದನ್ನ ಬಿಡ್ಲೇಬೇಕಾ?" ಅಂದಳು. ಭಾವ ಕವಡೆ ಹಿಡಿದ ಕೈಯನ್ನು ಎತ್ತಿಯೇ ಇಟ್ಟುಕೊಂಡಿದ್ದರು.