ಹಲ್ಲುಜ್ಜುವಾಗ ರಕ್ತ ಬಂದರೆ ಏನು ಮಾಡಬೇಕು?

ಹಲ್ಲುಜ್ಜಿ ಉಗುಳಿದ ನೊರೆ ಕೆಂಪಗಿದ್ದರೆ ಹೆಚ್ಚಿನವರು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ.

ಹಲ್ಲು ಮತ್ತು ವಸಡು ಕೂಡುವ ಕಡೆ ಅಂಟುವ ಮೆತ್ತನೆಯ ಪದರವೇ ಪ್ಲಾಕ್. ಅದರ ತುಂಬ ಬ್ಯಾಕ್ಟೀರಿಯಾ. ಅವನ್ನು ತಡೆಯಲು ದೇಹ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ವಸಡು ಊದುತ್ತದೆ, ಮುಟ್ಟಿದರೆ ರಕ್ತ. ಈ ಹಂತದಲ್ಲಿ ಕೊಳೆ ತೆಗೆದರೆ ಎಲ್ಲ ಮೊದಲಿನಂತಾಗುತ್ತದೆ.

ತೆಗೆಯದಿದ್ದರೆ ಜಗಳ ಮುಗಿಯುವುದೇ ಇಲ್ಲ. ಕೆಲವರಲ್ಲಿ ಅದು ಆಳಕ್ಕೆ ಇಳಿಯುತ್ತದೆ. ಬಿಳಿ ರಕ್ತಕಣಗಳು ಬಿಡುವ ಕಿಣ್ವಗಳು ವಸಡಿನ ನಾರನ್ನೇ ಕರಗಿಸುತ್ತವೆ. ರೋಗನಿರೋಧಕ ಕಣಗಳ ಸಂಕೇತಕ್ಕೆ ಮೂಳೆ ಸವೆಸುವ ಕಣಗಳೂ ಎಚ್ಚರವಾಗುತ್ತವೆ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗೆ. ಹಲ್ಲು ಹಿಡಿದಿರುವ ಮೂಳೆ ಒಮ್ಮೆ ಹೋದರೆ ತಾನಾಗಿ ಮರಳುವುದಿಲ್ಲ.

ಎಲ್ಲರಿಗೂ ಹೀಗಾಗುತ್ತದಾ? ಇಲ್ಲ. ವಸಡಿನ ರೋಗದ ಸಂಶೋಧಕ ಹೆರಾಲ್ಡ್ ಲೋ ಮತ್ತು ಸಂಗಡಿಗರು ಶ್ರೀಲಂಕಾದ ಟೀ ತೋಟಗಳ 480 ಕಾರ್ಮಿಕರನ್ನು 1970ರಿಂದ 15 ವರ್ಷ ಗಮನಿಸಿದರು. ಬ್ರಷ್ ಬಳಕೆ ಅವರಲ್ಲಿ ಇರಲೇ ಇಲ್ಲ, ಪ್ಲಾಕ್ ಎಲ್ಲರಿಗೂ ಧಾರಾಳವಾಗಿತ್ತು. ಆದರೂ ರೋಗ ವೇಗವಾಗಿ ಬೆಳೆದದ್ದು ಸುಮಾರು ಶೇ 8 ಮಂದಿಯಲ್ಲಿ. ಶೇ 81 ಮಂದಿಯಲ್ಲಿ ಮಧ್ಯಮ ವೇಗದಲ್ಲಿ ಬೆಳೆಯಿತು. ಶೇ 11 ಮಂದಿಯಲ್ಲಿ ವಸಡಿನ ಊತ ದಾಟಿ ಮುಂದೆ ಹೋಗಲೇ ಇಲ್ಲ. ‘ನಮ್ಮಜ್ಜ ಬ್ರಷ್ಷೇ ಮುಟ್ಟಲಿಲ್ಲ, ಹಲ್ಲು ಗಟ್ಟಿಯಾಗಿತ್ತು’ ಅನ್ನುವವರ ಅಜ್ಜ ಈ ಕೊನೇ ಗುಂಪಿನವರಿರಬೇಕು! ನೀವು ಯಾವ ಗುಂಪು ಅಂತ ಮೊದಲೇ ಗೊತ್ತಾಗುವುದಿಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ, ಮೆದು ಬ್ರಷ್ ಕೊಳ್ಳಿ. ಅದನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಹಗುರವಾಗಿ ಆಡಿಸಿ. ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಹಲ್ಲುಗಳ ಸಂದಿಗೆ ಫ್ಲಾಸ್ ಅಥವಾ ಸಂದಿಗೆಂದೇ ಬರುವ ಸಣ್ಣ ಬ್ರಷ್ ಬೇಕು. ಉಪ್ಪುನೀರು ಮುಕ್ಕಳಿಸಿದರೆ ಹಿತವೆನಿಸಬಹುದು, ಪ್ಲಾಕ್ ಕೀಳುವುದಿಲ್ಲ.

ಒಂದೆರಡು ವಾರವಾದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರ ಹತ್ತಿರ ಹೋಗಿ. ಅವರು ತೆಳ್ಳಗಿನ ಅಳತೆ ಕಡ್ಡಿಯಿಂದ ಹಲ್ಲು ಮತ್ತು ವಸಡಿನ ನಡುವಿನ ಸಂದಿನ ಆಳ ನೋಡುತ್ತಾರೆ. 3 ಮಿಲಿಮೀಟರ್‌ವರೆಗೆ ಸರಿ. ಅದಕ್ಕಿಂತ ಆಳವಿದ್ದರೆ ಮೂಳೆ ಎಷ್ಟು ಉಳಿದಿದೆ ಅಂತ ತಿಳಿಯಲು ಎಕ್ಸ್‌ರೇ ಬೇಕಾಗಬಹುದು. ಆಮೇಲೆ ವಸಡಿನ ಕೆಳಗಿನ ಗಟ್ಟಿ ಕೊಳೆಯನ್ನೂ ತೆಗೆಯುತ್ತಾರೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ’ ಅನ್ನುವ ಮಾತು ನಂಬಬೇಡಿ. ಮೂಳೆ ಸವೆದು ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಕೊಳೆ ಹೋದ ಮೇಲೆ ಅದು ಗೊತ್ತಾಗುತ್ತದೆ ಅಷ್ಟೇ. ಮೆಡಿಕಲ್ ಶಾಪಿನಿಂದ ಸುಮ್ನೆ ಆ್ಯಂಟಿಬಯಾಟಿಕ್ ತಂದು ನುಂಗುವುದೂ ಬೇಡ. ಅಂಟಿಕೊಂಡ ಪದರದೊಳಕ್ಕೆ ಅದು ಸರಿಯಾಗಿ ಇಳಿಯುವುದಿಲ್ಲ.

ಇನ್ನು ‘ಇಮ್ಯುನಿಟಿ ಹೆಚ್ಚಿಸುವ’ ಪುಡಿಗಳು. ದುಡ್ಡು ದಂಡ ಅಂತಲೇ ನನ್ನ ಲೆಕ್ಕ. ಇಲ್ಲಿ ತೊಂದರೆ ಸಾಮಾನ್ಯವಾಗಿ ಇಮ್ಯುನಿಟಿ ಸಾಲದ್ದಲ್ಲ, ಅದು ದಾರಿ ತಪ್ಪಿದ್ದು. ದಾರಿ ತಪ್ಪಿಸುವವರಲ್ಲಿ ದೊಡ್ಡವರು ಇಬ್ಬರು: ಶುಗರ್ ಮತ್ತು ತಂಬಾಕು. ರಕ್ತದಲ್ಲಿ ಸಕ್ಕರೆ ಏರಿದ್ದರೆ ಊತ ಜಾಸ್ತಿ, ಗಾಯ ಮಾಯುವುದು ನಿಧಾನ. ವಸಡಿಗೆ ಚಿಕಿತ್ಸೆ ಮಾಡಿಸಿದರೆ ಮೂರು ತಿಂಗಳ ಸರಾಸರಿ ಶುಗರ್ ಕೂಡ ಸ್ವಲ್ಪ ಇಳಿಯುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ರಕ್ತ ಬರುವುದೇ ಕಡಿಮೆ. ಒಳಗೆ ಮೂಳೆ ಸವೆಯುತ್ತಿದ್ದರೂ ಗೊತ್ತಾಗುವುದಿಲ್ಲ. ಅವರು ರಕ್ತ ಕಾಣಲಿ ಅಂತ ಕಾಯದೆ ತಪಾಸಣೆ ಮಾಡಿಸಬೇಕು.

ಚಿಕಿತ್ಸೆಯಾದ ಎರಡು ಮೂರು ತಿಂಗಳಿಗೆ ಸಂದಿನ ಆಳವನ್ನು ಮತ್ತೆ ಅಳೆಸಿ. ಮೂಳೆ ಸವೆದಿದ್ದವರು ಆಮೇಲೂ ಮೂರರಿಂದ ಆರು ತಿಂಗಳಿಗೊಮ್ಮೆ ಹೋಗಬೇಕು.