ಸಾಕ್ಷಿ ಇಲ್ಲದ ಶಾಟ್ ಬೇಡ: ಕಮೂ ಕಾದಂಬರಿಯನ್ನು ಕೋಲಾರದಲ್ಲಿ ಸಿನಿಮಾ ಮಾಡಿದ ನನ್ನ ಅನುಭವ

ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ 1942ರಲ್ಲಿ ಪ್ರಕಟಿಸಿದ ‘ದಿ ಔಟ್‌ಸೈಡರ್’ ಕಾದಂಬರಿಯನ್ನು ಕೋಲಾರಕ್ಕೆ ತಂದು ಸಿನಿಮಾ ಮಾಡುತ್ತೇನೆ ಅಂದಾಗ ನಗದವರು ಕಡಿಮೆ. ‘ಕತೆ ಎಲ್ಲಾ ಅವನ ತಲೆಯೊಳಗಿದೆ, ಹೊರಗೆ ಏನ್ ತೋರಿಸ್ತೀಯಪ್ಪ?’ ಇದೇ ಎಲ್ಲರ ಪ್ರಶ್ನೆ. ಬೆಂಗಳೂರಿನ ಒಬ್ಬ ನಿರ್ಮಾಪಕರು ಕಾಫಿ ಕುಡಿಸಿ, ‘1967ರಲ್ಲಿ ಇಟಲಿಯ ವಿಸ್ಕೊಂಟಿಯಂಥ ನಿರ್ದೇಶಕರು ಮಾಸ್ತ್ರೊಯಾನಿಯಂಥ ನಟನನ್ನ ಹಾಕ್ಕೊಂಡು ಮಾಡಿದ್ರೂ ದಕ್ಕಲಿಲ್ಲ, ನಿಮಗೆ ದಕ್ಕುತ್ತಾ?’ ಅಂತ ಕೇಳಿ ಕಳಿಸಿದರು. ಈಗ ಸಿನಿಮಾ ಮುಗಿದಿದೆ. ನಮ್ಮೂರ ಟಿ. ಚನ್ನಯ್ಯ ರಂಗಮಂದಿರದಲ್ಲಿ ತೋರಿಸಿದೆವು. ಟೊಮೆಟೊ ಮಂಡಿಯ ಜನ ಕೊನೇವರೆಗೂ ಕೂತು ನೋಡಿದರು. ಹೊರಗೆ ಬಂದು ಗೇಟಿನ ಹತ್ತಿರ ನಿಂತು ಜಗಳಾಡಿದರು, ಅದು ಇನ್ನೂ ಖುಷಿ. ಹಾಗಾಗಿ ಬರೆಯುತ್ತಿದ್ದೇನೆ. ಸ್ಕ್ರಿಪ್ಟ್ ಬರೆಯುವವರಿಗೆ, ಕಾದಂಬರಿ ಓದಿದವರಿಗೆ ಇದು. ಓದದವರಿಗೆ ಕತೆ ಇಷ್ಟೇ: ಅಮ್ಮ ಸತ್ತಾಗ ಅಳದ ಮರ್ಸೋ ಅನ್ನೋ ಗುಮಾಸ್ತ ಕಡಲ ತೀರದಲ್ಲಿ ಒಬ್ಬ ಅರಬನನ್ನು ಕೊಲ್ಲುತ್ತಾನೆ, ಕೋರ್ಟಿನಲ್ಲಿ ಕೊಲೆಗಿಂತ ಅವನು ಅಳದಿದ್ದದ್ದೇ ದೊಡ್ಡದಾಗಿ ಮರಣದಂಡನೆ ಆಗುತ್ತೆ. ಅಸ್ತಿತ್ವವಾದ ಅಂದರೇನು ಅಂತ ಇಲ್ಲಿ ಹೇಳಲ್ಲ.

ಮೊದಲು ಹಕ್ಕಿನ ವಿಚಾರ, ಯಾಕಂದ್ರೆ ಎಲ್ಲರೂ ಅಲ್ಲೇ ಹೆದರುತ್ತಾರೆ. ಕಮೂ ಕಾರು ಅಪಘಾತದಲ್ಲಿ ತೀರಿಕೊಂಡದ್ದು 1960ರ ಜನವರಿ 4ರಂದು. ನಮ್ಮ ಕಾಯಿದೆಯಲ್ಲಿ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕು. ಅಂದರೆ 2021ರ ಜನವರಿಯಿಂದ ಭಾರತದಲ್ಲಿ ಆ ಕಾದಂಬರಿ ಮುಕ್ತ. ಫ್ರಾನ್ಸ್‌ನಲ್ಲಿ 70 ವರ್ಷ, 2030ರ ಕೊನೇವರೆಗೂ ಕಾಯಬೇಕು. ಓಟಿಟಿಯವರು ‘ವಿದೇಶದ ಹಕ್ಕೂ ಇದೆಯಾ?’ ಅಂತ ಮೊದಲು ಕೇಳುವುದು ಇದಕ್ಕೇ. ಇನ್ನೊಂದು ಗುಂಡಿ ಇದೆ. ಮೂಲ ಮುಕ್ತವಾದರೂ ಅನುವಾದಕ್ಕೆ ಬೇರೆ ಹಕ್ಕು ಇರುತ್ತೆ. ಕಾಲೇಜಿನಲ್ಲಿ ಓದಿದ ಇಂಗ್ಲಿಷ್ ಪುಸ್ತಕ ಎದುರಿಗಿಟ್ಟುಕೊಂಡು ಸಂಭಾಷಣೆ ಬರೆದರೆ ಸಿಕ್ಕಿಬೀಳುತ್ತೀರಿ. ನಾನು ಫ್ರೆಂಚ್ ಗೊತ್ತಿರುವ ಒಬ್ಬ ಹುಡುಗಿಯನ್ನು ಕೂರಿಸಿ, ಮೂಲವನ್ನೇ ಓದಿ ಅರ್ಥ ಹೇಳಿಸಿಕೊಂಡೆ. ಇಪ್ಪತ್ತೈದು ಸಾವಿರದ ಹತ್ತಿರ ಖರ್ಚಾಯಿತು. ಇಡೀ ಸಿನಿಮಾದಲ್ಲಿ ನ್ಯಾಯವಾಗಿ ಖರ್ಚಾದ ದುಡ್ಡು ಅಂದರೆ ಅದೇ.

ಮೊದಲು ಅರ್ಧ ಗಂಟೆಯ ಪೈಲಟ್, ಅಂದರೆ ಮಾದರಿ ಚಿತ್ರ ಮಾಡಿದೆವು. ಪುಸ್ತಕ ‘ನಾನು’ ಅಂತ ಹೇಳುತ್ತೆ ಅಲ್ವಾ, ಹಾಗಾಗಿ ವಾಯ್ಸ್ ಓವರ್, ಪರದೆ ಹಿಂದಿನಿಂದ ಅವನ ಮನಸ್ಸಿನ ಮಾತು ಹೇಳುವ ಕಂಠ. ರಂಗಭೂಮಿಯ ಒಳ್ಳೆ ಕಂಠ. ಒಂದೂಕಾಲು ಲಕ್ಷ ಹೋಯಿತು. ಗೆಳೆಯರ ಮನೆಯಲ್ಲಿ ಹಾಕಿ ತೋರಿಸಿದರೆ ಹತ್ತೇ ನಿಮಿಷದಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು. ಆಕಾಶವಾಣಿಯ ನಾಟಕ ಇದಕ್ಕಿಂತ ಚೆನ್ನಾಗಿರುತ್ತೆ ಅಂದ ಒಬ್ಬ. ವಾಯ್ಸ್ ತೆಗೆದು ನೋಡಿದೆ. ಒಬ್ಬ ಮನುಷ್ಯ ಸುಮ್ನೆ ಓಡಾಡುತ್ತಾನೆ, ಅಷ್ಟೇ.

ದಾರಿ ಸಿಕ್ಕಿದ್ದು ಪುಸ್ತಕದ ಎರಡನೇ ಭಾಗದಲ್ಲಿ. ಮೊದಲ ಭಾಗದಲ್ಲಿ ಮರ್ಸೋ ಮಾಡಿದ್ದನ್ನೆಲ್ಲ ಎರಡನೇ ಭಾಗದಲ್ಲಿ ಬೇರೆಯವರು ಕೋರ್ಟಿನಲ್ಲಿ ಹೇಳುತ್ತಾರೆ. ಹಾಗಾಗಿ ಇನ್ನೂರು ಪುಟದ ನೋಟ್‌ಬುಕ್ ತಂದೆ. ಎಡಗಡೆ ಅವನು ಏನು ಮಾಡಿದ ಅಂತ ಮಾತ್ರ ಬರೆದೆ. ಏನು ಯೋಚಿಸಿದ ಅಂತ ಒಂದು ಸಾಲೂ ಇಲ್ಲ. ಬಲಗಡೆ, ಅದನ್ನು ಯಾರು ನೋಡಿದರು. ಬಲಗಡೆ ಖಾಲಿ ಬಿದ್ದ ದೃಶ್ಯ ಸ್ಕ್ರಿಪ್ಟಿನಿಂದ ಹೊರಗೆ. ಶೂಟಿಂಗ್‌ನಲ್ಲೂ ಅದೇ ನಿಯಮ. ಪ್ರತಿ ಶಾಟ್‌ನಲ್ಲಿ ಒಬ್ಬ ಸಾಕ್ಷಿ ಇರಲೇಬೇಕು, ಫೋಕಸ್ ಇಲ್ಲದೆ ಮೂಲೆಯಲ್ಲಾದರೂ. ಮೊದಲ ಸಲ ನೋಡುವವರ ಕಣ್ಣಿಗೆ ಅವರು ಬೀಳೋದೇ ಇಲ್ಲ. ಎರಡನೇ ಅರ್ಧದಲ್ಲಿ ಅವರೇ ಬಾಯಿ ಬಿಡುತ್ತಾರೆ, ಅರ್ಧ ನಿಜ, ಅರ್ಧ ಮಸಾಲೆ. ಆಗ ಪ್ರೇಕ್ಷಕರೇ ‘ಇಲ್ಲಾ, ಅವನು ಹಂಗೆ ಮಾಡ್ಲಿಲ್ಲ’ ಅಂತ ಅವನ ಪರ ವಾದಕ್ಕೆ ನಿಲ್ಲುತ್ತಾರೆ. ವಾಯ್ಸ್ ಓವರ್ ಮಾಡಬೇಕಾದ ಕೆಲಸವನ್ನು ಅವರೇ ಮಾಡಿಕೊಡುತ್ತಾರೆ. ಕೊಲೆಯ ದೃಶ್ಯಕ್ಕೆ ಮಾತ್ರ ಸಾಕ್ಷಿ ಒಬ್ಬನೇ, ಸಾಯುವವನು.

ಅಲ್ಜೀರ್ಸ್‌ನ ಹಡಗು ಕಚೇರಿ ಗುಮಾಸ್ತ ನಮ್ಮಲ್ಲಿ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್. ಎಲ್ಲರೂ ಅವನನ್ನು ‘ರೈಟ್ರೇ’ ಅಂತಲೇ ಕರೆಯುವುದರಿಂದ ಹೆಸರೇ ಬೇಕಾಗಲಿಲ್ಲ. ಮಂಡಿಯ ದೃಶ್ಯಗಳಿಗೆ 2023ರ ಜುಲೈ ಇಟ್ಟುಕೊಂಡಿದ್ದೆ. ಆ ತಿಂಗಳು ಏನಾಯಿತು ಗೊತ್ತಲ್ಲ, 15 ಕೆಜಿ ಬಾಕ್ಸಿಗೆ ಎರಡು ಸಾವಿರ ದಾಟಿತು. ರಸ್ತೆಗೆ ಟೊಮೆಟೊ ಸುರಿಯುವ ಶಾಟ್ ಬೇರೆ ಇತ್ತು. ಐವತ್ತು ಬಾಕ್ಸ್ ಅಂದರೆ ಒಂದು ಲಕ್ಷ! ಕ್ಯಾಮೆರಾ ಹಿಡಿದು ಗೇಟಿನೊಳಗೆ ಹೋದರೆ ಕಳ್ಳರನ್ನು ನೋಡಿದ ಹಾಗೆ ನೋಡುತ್ತಿದ್ದರು. ಆದರೆ ನನ್ನ ನಿರ್ಮಾಪಕ ಹುಟ್ಟಿದ್ದೂ ಅದೇ ತಿಂಗಳು. ಎರಡೆಕರೆ ಟೊಮೆಟೊ ಇಟ್ಟಿದ್ದ ಗೆಳೆಯನೊಬ್ಬ ಹತ್ತು ಲಕ್ಷ ಕೈಗಿಟ್ಟು, ‘ಹೋದ್ರೆ ಟೊಮೆಟೊ ದುಡ್ಡು, ಬಿಡು’ ಅಂದ. ಬೆಲೆ ಬೀಳುವವರೆಗೂ ಸುಮ್ನೆ ಕಾದೆ. ಬಿದ್ದ ಮೇಲೆ ಸುರಿಯೋಕೆ ಬೇಕಾದಷ್ಟು ಟೊಮೆಟೊ ಪುಕ್ಕಟೆ ಸಿಕ್ಕಿತು. ಮೊದಲು ಕಪ್ಪು-ಬಿಳುಪು ಅಂದುಕೊಂಡಿದ್ದೆ. ಆ ಕೆಂಪು ನೋಡಿದ ಮೇಲೆ ಕೈಬಿಟ್ಟೆ. 2025ರಲ್ಲಿ ಫ್ರಾನ್ಸ್‌ನ ನಿರ್ದೇಶಕ ಓಝೋನ್ ಇದೇ ಕತೆಯನ್ನು ಕಪ್ಪು-ಬಿಳುಪಿನಲ್ಲಿ ತೆಗೆದರು. ಬಣ್ಣ ಇಟ್ಟುಕೊಂಡಿದ್ದೇ ಒಳ್ಳೆಯದಾಯಿತು.

ಅಮ್ಮನ ಸಾವಿನ ಭಾಗಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡೆ. ಪುಸ್ತಕದಲ್ಲಿ ಅವನು ಹೆಣದ ಪಕ್ಕ ಹಾಲು ಹಾಕಿದ ಕಾಫಿ ಕುಡಿಯುತ್ತಾನೆ, ಸಿಗರೇಟು ಸೇದುತ್ತಾನೆ, ಅಳೋದಿಲ್ಲ. ನಮ್ಮ ಕಡೆ ಸಾವಿನ ಮನೆಗೆ ಪಕ್ಕದವರೇ ಕಾಫಿ ಮಾಡಿ ತರುತ್ತಾರೆ, ಅದಕ್ಕೆ ಯಾರು ಬೈತಾರೆ? ಸಿಗರೇಟು ಇಟ್ಟರೆ ನಿಯಮದ ಪ್ರಕಾರ ಪರದೆ ಕೆಳಗೆ ಎಚ್ಚರಿಕೆ ಸಾಲು ಬರಬೇಕು. ಅಮ್ಮನ ಹೆಣದ ಕೆಳಗೆ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’! ಅದನ್ನು ಬಿಟ್ಟು ತಲೆಕೂದಲು ಹಿಡಿದೆ. ಮಣ್ಣಾದ ಮೇಲೆ ಕೆರೆ ಏರಿಯಲ್ಲಿ ಕ್ಷೌರದವನು ತಗಡಿನ ಪೆಟ್ಟಿಗೆ ತೆರೆದು, ಬ್ಲೇಡ್ ಮುರಿದು ಹಾಕಿ, ಚೊಂಬಿನ ನೀರಲ್ಲಿ ಕೈ ಅದ್ದಿ ಕಾಯುತ್ತಾನೆ. ರೈಟರ್ ವಾಚ್ ನೋಡುತ್ತಾನೆ. ಬಸ್ಸಿಗೆ ಹತ್ತು ನಿಮಿಷ ಇದೆ. ಜೇಬಿನಿಂದ ನೂರು ರೂಪಾಯಿ ತೆಗೆದು ಪೆಟ್ಟಿಗೆ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೆ ಕತ್ತರಿ ಇಟ್ಟು ಹೊರಡುತ್ತಾನೆ. ಮೂರನೇ ದಿನದ ಹಾಲು-ತುಪ್ಪಕ್ಕೂ ನಿಲ್ಲೋದಿಲ್ಲ. ಮಾರನೇ ದಿನ ಹುಡುಗಿ ಜೊತೆ ಸಿನಿಮಾ, ಆಮೇಲೆ ಕಬಾಬ್. ಅಲ್ಲಿಂದ ಮುಂದೆ ಸಿಕ್ಕವರೆಲ್ಲ ಮೊದಲು ಅವನ ತಲೆ ನೋಡುತ್ತಾರೆ, ಆಮೇಲೆ ಮುಖ. 1970ರ ‘ಸಂಸ್ಕಾರ’ದಲ್ಲಿ ಒಂದು ಹೆಣಕ್ಕೆ ಇಡೀ ಅಗ್ರಹಾರ ತಲೆ ಕೆಡಿಸಿಕೊಂಡಿತ್ತು. ನಮ್ಮವನು ಒಬ್ಬನೇ ತಲೆ ಕೆಡಿಸಿಕೊಳ್ಳಲಿಲ್ಲ.

ಪಕ್ಕದ ಮನೆ ಮುದುಕನ ಕಜ್ಜಿ ನಾಯಿ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟ. ನಾಯಿ ತೋರಿಸಬೇಕಂದ್ರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಸೆನ್ಸಾರ್‌ನವರು ಕೇಳುತ್ತಾರೆ. ಅಷ್ಟು ಕಾಗದ ಓಡಿಸುವ ಶಕ್ತಿ ಇರಲಿಲ್ಲ. ಮುದುಕನ ಕೈ, ಬಿಗಿಯಾದ ಸರಪಳಿ, ಫ್ರೇಮಿನ ಹೊರಗೆ ಕೆಮ್ಮಿದಂಥ ಬೊಗಳು. ನಾಯಿ ಕಾಣೋದೇ ಇಲ್ಲ. ನೋಡಿದವರು ‘ಆ ನಾಯಿ ಎಲ್ಲಿ ಹುಡುಕಿದ್ರಿ?’ ಅಂತ ಕೇಳಿದರು.

ಕೊಲೆ ನಡೆಯುವುದು ಕಡಲ ತೀರದ ಬಿಸಿಲಲ್ಲಿ. ಕೋಲಾರದಲ್ಲಿ ಕಡಲೆಲ್ಲಿ? ಒಣಗಿ ಬಿರುಕು ಬಿಟ್ಟ ಕೆರೆ ಅಂಗಳ ಅಂತ ಬರೆದುಕೊಂಡಿದ್ದೆ. ನಮ್ಮ ಕೆರೆಗಳೆಲ್ಲ ಹಾಗೇ ಇದ್ದವಲ್ಲ. ಆದರೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದು, ನರಸಾಪುರ ಕೆರೆ ಕಡೆ ಹೋದರೆ ನೀರು, ಕೊಕ್ಕರೆ. ಬರದ ಜಿಲ್ಲೆಯಲ್ಲಿ ಒಣ ಕೆರೆಗೆ ಅಲೆದವನು ನಾನೊಬ್ಬನೇ ಇರಬೇಕು. ಆಮೇಲೆ ಕೆಜಿಎಫ್‌ನ ಸೈನೈಡ್ ಗುಡ್ಡಕ್ಕೆ, ಚಿನ್ನ ತೆಗೆದು ಸುರಿದ ಮಣ್ಣಿನ ದಿಬ್ಬಗಳಿಗೆ ಹೋದೆವು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಆ ದಿಬ್ಬಗಳು ಹಾಗೇ ನಿಂತಿವೆ, ಮರಳುಗಾಡಿನ ಹಾಗೆ ಕಾಣುತ್ತವೆ. ಗಾಳಿ ಬಂದರೆ ಕಣ್ಣು ಬಿಡೋಕಾಗಲ್ಲ. ಲೆನ್ಸ್ ಒಳಗೆ ಧೂಳು ಸೇರಿ ಕ್ಲೀನಿಂಗಿಗೇ ಆರು ಸಾವಿರ ಬಿಲ್. ಅದಕ್ಕಿಂತ ದೊಡ್ಡ ತೊಂದರೆ, ಆ ಜಾಗ ಎಲ್ಲರಿಗೂ ಪರಿಚಯ. ದೊಡ್ಡ ಸಿನಿಮಾಗಳ ಫೈಟು ನಡೆದ ಜಾಗ ಅದು. ನೋಡೋಕೆ ಬಂದ ಹುಡುಗರು ‘ಅಣ್ಣಾ, ಹೀರೋ ಎಷ್ಟು ಜನಾನ ಹೊಡೀತಾನೆ?’ ಅಂತ ಕೇಳಿದರು. ಪ್ಯಾಕಪ್.

ಕೊನೆಗೆ ಟೇಕಲ್ ಕಡೆಯ ಒಂದು ಕಲ್ಲು ಕ್ವಾರಿ ಸಿಕ್ಕಿತು. ಏಪ್ರಿಲ್, ಮಧ್ಯಾಹ್ನ ಹನ್ನೆರಡರ ಮೇಲೆ. ಮೇಲಿನಿಂದ ಬಿಸಿಲು, ಸುತ್ತಲೂ ಬಿಳಿ ಕಲ್ಲಿನ ಗೋಡೆಯಿಂದ ತಿರುಗಿ ಬಿಸಿಲು. ಅರ್ಧ ದಿನ ಕೆಲಸ ನಿಲ್ಲಿಸಿದ್ದಕ್ಕೆ ಹದಿನೈದು ಸಾವಿರ ಕೊಟ್ಟೆವು, ಅಂಥ ಮೂರ್ನಾಲ್ಕು ಅರ್ಧ ದಿನ. ರಿವಾಲ್ವರ್ ಎಲ್ಲಿಂದ ಬಂತು ಅಂತ ಕೇಳಬೇಡಿ, ಕತೆಯಲ್ಲಿ ಅವನ ಗೆಳೆಯ ಮಾಲೂರು ಕಡೆ ಸೈಟ್ ವ್ಯಾಪಾರ ಮಾಡೋನು, ಸಾಕಲ್ಲ. ಒಂದು ಗುಂಡು, ಸ್ವಲ್ಪ ಹೊತ್ತು, ಆಮೇಲೆ ನಾಲ್ಕು. ಅದನ್ನು ಮುಟ್ಟಲಿಲ್ಲ. ಬಿಸಿಲಿಗೆ ಸದ್ದು ಬೇಕಿತ್ತು. ಜೀರುಂಡೆ ಹಾಕಿ ನೋಡಿದೆ, ಮಲೆನಾಡಾಯಿತು. ಒಂದು ರಾತ್ರಿ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ಪಕ್ಕ ಮೈಕ್ ಇಟ್ಟು ಆ ಗುಂಯ್ ಸದ್ದು ರೆಕಾರ್ಡ್ ಮಾಡಿದೆ. ಬಿಸಿಲಿನ ಪ್ರತಿ ದೃಶ್ಯದಲ್ಲೂ ಅದೇ ಅಡಿಯಲ್ಲಿದೆ, ಪ್ರತಿ ಸಲ ಚೂರು ಜಾಸ್ತಿ. ಚಾಕುವಿನ ಹೊಳಪು ಕಣ್ಣಿಗೆ ಹೊಡೆಯುವ ಶಾಟ್ ಹೇಗೆ ಬಂತು ಅಂತ ಕ್ಯಾಮೆರಾಮನ್‌ಗಳು ಕೇಳುತ್ತಾರೆ. ಗ್ರಾಫಿಕ್ಸ್ ಅಲ್ಲ. ಅಷ್ಟು ಮಾತ್ರ ಹೇಳುತ್ತೇನೆ.

ಸಾಯುವ ಅರಬನಿಗೆ ಪುಸ್ತಕದಲ್ಲಿ ಹೆಸರೇ ಇಲ್ಲ. 2013ರಲ್ಲಿ ಅಲ್ಜೀರಿಯಾದ ಕಮೆಲ್ ದಾವುದ್ ಅದನ್ನೇ ಪ್ರಶ್ನೆ ಮಾಡಿ ಇನ್ನೊಂದು ಕಾದಂಬರಿ ಬರೆದರು. ನಮ್ಮಲ್ಲಿ ಅವನು ಹೊರರಾಜ್ಯದಿಂದ ಬಂದ ಕ್ವಾರಿ ಕೆಲಸದವನು. ಇಡೀ ವಿಚಾರಣೆಯಲ್ಲಿ ಒಬ್ಬರೂ ಅವನ ಹೆಸರು ಹೇಳೋದಿಲ್ಲ. ಪೋಸ್ಟ್‌ಮಾರ್ಟಂ ಫಾರಂನಲ್ಲಿ ಬರೆದಿದ್ದೇವೆ, ಒಂದೂವರೆ ಸೆಕೆಂಡ್ ಕಾಣುತ್ತೆ. ಓದಿಕೊಂಡವರು ಇದ್ದಾರೆ.

ನಾಯಕನಿಗೆ ರಂಗಭೂಮಿಯವರನ್ನು ನೋಡಿದೆ. ‘ಏನೂ ಅನ್ನಿಸದ ಹಾಗೆ ಇರಿ’ ಅಂದರೆ, ಏನೂ ಅನ್ನಿಸದ್ದನ್ನೂ ಅಭಿನಯಿಸುತ್ತಿದ್ದರು. ಬಿಟ್ಟು, ಮಂಡಿಯ ನಿಜವಾದ ರೈಟರ್ ಒಬ್ಬರನ್ನೇ ಹಿಡಿದೆ. ಕ್ಯಾಮೆರಾ ಓಡುವಾಗ ಮನಸ್ಸಿನಲ್ಲೇ ಲೆಕ್ಕ ಮಾಡೋಕೆ ಹೇಳುತ್ತಿದ್ದೆ. 137 ಬಾಕ್ಸ್, 285ರಂತೆ, ಕಮಿಷನ್ ಕಳೆದು ಎಷ್ಟು? ಹೆಣದ ಮುಂದೆ ಅವರ ಮುಖ ನೋಡಿ. ಅಷ್ಟು ದೂರ ಹೋಗಿದ್ದಾರೆ ಅಂದರೆ ಲೆಕ್ಕ ಇನ್ನೂ ಮುಗಿದಿಲ್ಲ ಅಂತ.

ಕೋರ್ಟ್ ದೃಶ್ಯ ಬರೆದು ಪರಿಚಯದ ವಕೀಲರಿಗೆ ತೋರಿಸಿದೆ. ನಕ್ಕರು. ನಮ್ಮಲ್ಲಿ ಜ್ಯೂರಿ ಇಲ್ಲ. ಆಗ ಇದ್ದ ಎವಿಡೆನ್ಸ್ ಆಕ್ಟಿನ (2024ರ ಜುಲೈನಿಂದ ಅದರ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ) 54ನೇ ಸೆಕ್ಷನ್ ಪ್ರಕಾರ ಆರೋಪಿಯ ನಡತೆ ಕೆಟ್ಟದ್ದು ಅಂತ ಪ್ರಾಸಿಕ್ಯೂಷನ್ ತಾನಾಗಿ ಎತ್ತೋಕೂ ಆಗಲ್ಲ. ಅಮ್ಮ ಸತ್ತಾಗ ತಲೆ ಬೋಳಿಸಲಿಲ್ಲ ಅಂತ ಶಿಕ್ಷೆ ಕೊಡುವ ಹಾಗಿಲ್ಲ ಸ್ವಾಮಿ ಅಂದರು. ಕಾದಂಬರಿಯ ಬೆನ್ನುಮೂಳೆಯೇ ಹೋಯಿತಲ್ಲ! ಟರ್ಕಿಯ ನಿರ್ದೇಶಕ ಝೆಕಿ ದೆಮಿರ್ಕುಬುಜ್ 2001ರಲ್ಲಿ ಈ ಕತೆಯನ್ನು ಇಸ್ತಾನ್‌ಬುಲ್‌ಗೆ ಎಷ್ಟು ಧೈರ್ಯವಾಗಿ ಬದಲಾಯಿಸಿದ್ದರು ಅನ್ನೋದನ್ನು ನೆನಪು ಮಾಡಿಕೊಂಡೆ. ಕೋರ್ಟ್ ಒಳಗಿನದ್ದು ನಾಲ್ಕೇ ನಿಮಿಷ. ಅಲ್ಲಿ ತಲೆಕೂದಲ ಮಾತು ಬಂದ ತಕ್ಷಣ ನ್ಯಾಯಾಧೀಶರು ತಡೆಯುತ್ತಾರೆ. ಉಳಿದ ವಿಚಾರಣೆಯೆಲ್ಲ ಎದುರಿನ ಟೀ ಅಂಗಡಿಯಲ್ಲಿ. ಸಾಕ್ಷಿಗಳು ಒಳಗೆ ಹೇಳಲಾಗದ್ದನ್ನು ಅಲ್ಲಿ ಹೇಳುತ್ತಾರೆ, ತೆಲುಗು ಬೆರೆಸಿಕೊಂಡು, ನಮ್ಮ ಕಡೆ ಮಾತಾಡೋ ಹಾಗೇ. ಟೀ ಗ್ಲಾಸ್ ತೊಳೆಯುವ ಹುಡುಗನೂ ತೀರ್ಪು ಕೊಡುತ್ತಾನೆ.

ಪುಸ್ತಕದಲ್ಲಿ ಕೊನೆಗೆ ಜೈಲಿಗೆ ಬರುವ ಪಾದ್ರಿಯ ಬದಲು ನಮ್ಮಲ್ಲಿ ಸೋದರಮಾವ. ಜೈಲಿಗೆ ಬಂದು, ‘ಈಗಾದ್ರೂ ತಲೆ ಕೊಡಪ್ಪ, ನಮ್ಮಕ್ಕನ ಆತ್ಮಕ್ಕೆ ಶಾಂತಿ ಸಿಗ್ಲಿ’ ಅಂತಾರೆ. ರೈಟರ್ ಮೊದಲ ಸಲ ಕೂಗುತ್ತಾನೆ. ‘ತಲೆ ನಂದು ಮಾವ. ಸತ್ತಿದ್ದು ನಮ್ಮಮ್ಮ. ಮಧ್ಯೆ ನೀವ್ಯಾರು?’ ಅಂತ ಶುರುವಾಗಿ ಮೂರು ನಿಮಿಷ ಒಂದೇ ಶಾಟ್. ರಂಗಮಂದಿರದಲ್ಲಿ ಹಿಂದಿನ ಸಾಲಿನಿಂದ ಒಬ್ಬರು ‘ಹಂಗನ್ಬಾರ್ದು ಕಣಯ್ಯಾ’ ಅಂದರು. ಇನ್ನೊಬ್ಬರು ಅವರಿಗೇ ತಿರುಗಿಬಿದ್ದರು. ಗೇಟಿನ ಜಗಳದ ಬೇರು ಅದೇ.

ಒಟ್ಟು ಖರ್ಚು ಹದಿನೆಂಟು ಲಕ್ಷದ ಆಸುಪಾಸು, ಪೈಲಟ್ ಸೇರಿ. ಟೊಮೆಟೊದ ಹತ್ತು, ನನ್ನ ಚೀಟಿಯ ಮೂರು, ಉಳಿದದ್ದು ಕೈಸಾಲ. ಒಂದು ಓಟಿಟಿಯವರು ನೋಡಿದಷ್ಟಕ್ಕೆ ದುಡ್ಡು ಅಂತಾರೆ, ಅದೂ ಭಾರತಕ್ಕೆ ಮಾತ್ರ. ಇನ್ನೂ ಸಹಿ ಹಾಕಿಲ್ಲ. ಕಾಫಿ ಕುಡಿಸಿ ಕಳಿಸಿದ್ದ ನಿರ್ಮಾಪಕರು ಫೋನ್ ಮಾಡಿ ಲಿಂಕ್ ಕೇಳಿದರು, ನೋಡೋಣ ಸಾರ್ ಅಂದೆ. ಟೊಮೆಟೊ ಗೆಳೆಯ ಮುಂದಿನದಕ್ಕೂ ದುಡ್ಡು ಹಾಕ್ತಾನಂತೆ, ಒಂದು ಹಾಡಾದರೂ ಇರಬೇಕು ಅನ್ನೋದು ಅವನ ಷರತ್ತು. ಕಾಫ್ಕಾನ ‘ದಿ ಟ್ರಯಲ್’ ಓದುತ್ತಿದ್ದೇನೆ. ಹಕ್ಕಿನ ಗೊಡವೆ ಇಲ್ಲ, ಅವರು ತೀರಿಕೊಂಡದ್ದು 1924ರಲ್ಲಿ. ಲೊಕೇಶನ್‌ಗೆ ತಾಲ್ಲೂಕು ಆಫೀಸು ಇದ್ದೇ ಇದೆ. ಹಾಡು ಎಲ್ಲಿ ಹಾಕೋದು ಅಂತ ಮಾತ್ರ ಹೊಳೆದಿಲ್ಲ.