ಕಲಿಸುತ್ತಲೇ ಟ್ಯೂನ್ ಬರೆಯುವುದು ಹೇಗೆ

ಜಾಝ್ ನುಡಿಸಬೇಕು, ಸ್ವಂತದ್ದು ಬರೆಯಬೇಕು, ಕಲಿಸಲೂ ಬೇಕು ಅನ್ನುವವರು ಮೂರಕ್ಕೂ ಬೇರೆ ಬೇರೆ ಹೊತ್ತು ಹುಡುಕಬೇಡಿ. ನಾನು ಪಿಯಾನೋ ಕಲಿಸುವವಳು. ನನ್ನ ಟ್ಯೂನ್‌ಗಳು ಜಾಸ್ತಿ ಹುಟ್ಟಿದ್ದು ಎದುರಿಗೆ ಕೂತ ವಿದ್ಯಾರ್ಥಿಗೆ ಬೇಕಾಗಿಯೇ. ಈ ದಾರಿಯಲ್ಲಿ ನಾನು ತುಂಬಾ ಗೌರವಿಸುವುದು ಅಮೆರಿಕದ ಜಾಝ್ ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್ ಅವರನ್ನು. ಬಿಗ್ ಬ್ಯಾಂಡ್ ಅನ್ನುವ ದೊಡ್ಡ ಜಾಝ್ ವಾದ್ಯವೃಂದಗಳಿಗೆ ಬರೆದರು. ಥೆಲೋನಿಯಸ್ ಮಂಕ್, ಬಡ್ ಪವೆಲ್ ಅವರಂಥ ಕಿರಿಯ ಪಿಯಾನೋ ವಾದಕರಿಗೆ ಮನೆಯ ಬಾಗಿಲು ತೆರೆದಿಟ್ಟರು. 1977ರಿಂದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು.

ಪಾಠಕ್ಕೆ ಎಫ್ ಸ್ವರವನ್ನು ಆಧಾರವಾಗಿಟ್ಟ 12 ಬಾರ್ ಬ್ಲೂಸ್ ತೆಗೆದುಕೊಳ್ಳಿ. ಬಾರ್ ಅಂದರೆ ಇಲ್ಲಿ ನಾಲ್ಕು ಬೀಟ್‌ಗಳ ಒಂದು ಸುತ್ತು. ಎಫ್7 ಅಂಥವು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಫ್ಲ್ಯಾಟ್ ಅಂದರೆ ಅರ್ಧ ಸ್ವರ ಕೆಳಗೆ. 4 ಬಾರ್ ಎಫ್7, 2 ಬಾರ್ ಬಿ ಫ್ಲ್ಯಾಟ್7, ಮತ್ತೆ 2 ಬಾರ್ ಎಫ್7. ಒಂಬತ್ತನೆಯದು ಸಿ7, ಹತ್ತನೆಯದು ಬಿ ಫ್ಲ್ಯಾಟ್7, ಕೊನೆಯ ಎರಡು ಎಫ್7.

ಸುಮ್ನೆ ಒಂದು ಸ್ಕೇಲ್ ಕೊಟ್ಟು ನುಡಿಸು ಅನ್ನಬೇಡಿ. ಹೊಸಬರು ಏಣಿ ಹತ್ತಿ ಇಳಿದ ಹಾಗೆ ಸ್ವರ ಓಡಿಸುತ್ತಾರೆ. ಕಾರ್ಡ್ ಬದಲಾದದ್ದು ಅವರ ಕಿವಿಗೇ ಬೀಳುವುದಿಲ್ಲ. ಪ್ರತಿ ಕಾರ್ಡ್‌ಗೆ ಎರಡೇ ಸ್ವರ ಕೊಡಿ, ಕಾರ್ಡ್‌ನ ಹೆಸರಿನ ಸ್ವರದಿಂದ ಎಣಿಸಿದರೆ ಮೂರನೆಯದು ಮತ್ತು ಏಳನೆಯದು. ಎಫ್7ಕ್ಕೆ ಅವು ಎ, ಇ ಫ್ಲ್ಯಾಟ್. ಬಿ ಫ್ಲ್ಯಾಟ್7 ಬಂದಾಗ ಎರಡೂ ಪಕ್ಕದ ಕೀಗೆ ಇಳಿಯುತ್ತವೆ: ಎ ಫ್ಲ್ಯಾಟ್, ಡಿ. ಎಫ್7ರಿಂದ ಸಿ7ಕ್ಕೆ ಹೋಗುವಾಗ ಎರಡೂ ಪಕ್ಕದ ಕೀಗೆ ಏರುತ್ತವೆ: ಬಿ ಫ್ಲ್ಯಾಟ್, ಇ. ಎಷ್ಟು ಚಂದ ಅಲ್ವಾ! ಇದನ್ನು ಮೊದಲು ಹಾಡಿಸಿ, ಆಮೇಲೆ ನುಡಿಸಲು ಹೇಳಿ.

ಟಿಕ್ ಟಿಕ್ ಎಂದು ತಾಳ ಕೊಡುವ ಮೆಟ್ರೊನೋಮ್ ಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಡಿ. ಅದರ ಟಿಕ್ 2 ಮತ್ತು 4ನೇ ಬೀಟ್‌ಗೆ ಬೀಳಲಿ. ಆಗ ನುಡಿಸುವ ವೇಗ ನಿಮಿಷಕ್ಕೆ 120 ಬೀಟ್. ಉಳಿದ ಬೀಟ್‌ಗಳನ್ನು ವಿದ್ಯಾರ್ಥಿಯೇ ಒಳಗೊಳಗೆ ಎಣಿಸಬೇಕು, ಸ್ವಿಂಗ್, ಅಂದರೆ ಜಾಝ್‌ನ ತೂಗುವ ಲಯ, ಮೈಗೆ ಹತ್ತುವುದು ಆಗಲೇ.

ಈಗ ಪೆನ್ಸಿಲ್ ಹಿಡಿಯಿರಿ. ಅವರು ತಡಕಾಡುತ್ತಾ ನುಡಿಸಿದ್ದರಲ್ಲಿ ಯಾವುದೋ ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ. ಅದನ್ನು ಮೊದಲ ಬಾರ್‌ನಲ್ಲಿ ಬರೆಯಿರಿ. ಐದನೆಯದರಲ್ಲಿ ಅದನ್ನೇ ಇಟ್ಟು, ಎ ಇದ್ದಲ್ಲಿ ಎ ಫ್ಲ್ಯಾಟ್ ಮಾಡಿ. ಒಂಬತ್ತನೆಯದರಲ್ಲಿ ಅದಕ್ಕೊಂದು ಉತ್ತರ. 3, 4, 7, 8, 11, 12ನೇ ಬಾರ್‌ಗಳು ಖಾಲಿ ಇರಲಿ. ಅಲ್ಲಿ ವಿದ್ಯಾರ್ಥಿ ತನಗೆ ತೋಚಿದ್ದು ನುಡಿಸಲಿ. ಖಾಲಿ ಜಾಗ ತುಂಬುವ ಆಸೆ ನಮಗೆ ಬಂದೇ ಬರುತ್ತದೆ, ತಡೆದುಕೊಳ್ಳಿ.

ಮುಂದಿನ ಕಾರ್ಯಕ್ರಮದಲ್ಲಿ ನೀವೇ ಆ ಟ್ಯೂನ್ ನುಡಿಸಿ. ಬೇಸ್, ಡ್ರಮ್ಸ್ ಜೊತೆ ಎಲ್ಲಿ ಇಕ್ಕಟ್ಟಾಯಿತೋ ಅಲ್ಲಿ ಸ್ವರ ತೆಗೆಯಿರಿ. ತಿದ್ದಿದ ಹಾಳೆಯ ಒಂದು ಪ್ರತಿ ವಿದ್ಯಾರ್ಥಿಗೆ ಕೊಡಿ. ತುಣುಕು ಅವರದ್ದು, ಹಾಗಾಗಿ ನಿಮ್ಮ ಹೆಸರಿನ ಪಕ್ಕ ಅವರ ಹೆಸರನ್ನೂ ಬರೆಯಿರಿ.